ಮನೆವಾರ್ತೆ: ಮರಳಿ ಕೊಡುವೆವೆಂಬ ಹಣ

ನಮ್ಮ ಹಿರಿಯರು ಸಂತೆಯಲ್ಲಿ ಕಂಡ ವ್ಯಾಪಾರದ ರೀತಿ ಸರಳವಾದುದು. ವರ್ತಕನು ಒಂದು ಬೆಲೆಯನ್ನು ಹೇಳುವನು, ಗಿರಾಕಿಯು ಮತ್ತೊಂದನ್ನು ಕೇಳುವನು, ನಡುವೆ ಎಲ್ಲಿಯೋ ಒಂದು ಕಡೆ ಮಾತು ನಿಲ್ಲುವುದು. ಸೋಡಿ ಬಿಟ್ಟರೆ ಆ ಕ್ಷಣದಲ್ಲಿಯೇ ಬಿಟ್ಟನು; ಬಿಡದಿದ್ದರೆ ಇಲ್ಲ. ಈಗ ಪೇಟೆಗೆ ಬಂದಿರುವ ರೀತಿ ಬೇರೆ. “ಪೂರ್ಣ ಬೆಲೆಯನ್ನು ಇಂದು ಕೊಡಿರಿ, ಬಿಲ್ಲಿನ ಪ್ರತಿಯನ್ನೂ ಪೆಟ್ಟಿಗೆಯ ಮೇಲಿನ ಗುರುತಿನ ತುಂಡನ್ನೂ ನಮಗೆ ಕಳುಹಿಸಿರಿ, ಇಷ್ಟು ರೂಪಾಯಿಯನ್ನು ನಾವು ಮರಳಿ ಕೊಡುವೆವು” ಎಂದು ಕಂಪನಿಯು ಸಾರುವುದು. ಅಂಚೆಯ ಬದಲು ದೂರವಾಣಿಯಲ್ಲಿಯೇ ಅರ್ಜಿಯನ್ನು ತುಂಬಿಸುವ ಕ್ರಮವೂ, ಕ್ಯಾಶ್‌ಬ್ಯಾಕ್ ಎಂಬ ಹೆಸರೂ ಇದಕ್ಕೆ ಬಂದಿವೆ. ಹೆಸರು ಯಾವುದಾದರೂ ತಿರುಳು ಒಂದೇ: ಹಣವನ್ನು ನಾವು ಮೊದಲು ಕೊಡುವೆವು, ಅವರು ತಮ್ಮ ಮಾತನ್ನು ಆಮೇಲೆ ನಡೆಸುವರು. ಆ ಮಾತನ್ನು ನಡೆಸದೆ ಹೋದರೆ ಕೊಂಡವನಿಗೆ ಕಾಯಿದೆಯಲ್ಲಿ ಏನು ಆಸರೆಯಿದೆ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ಸಂಸಾರಸ್ಥರೊಬ್ಬರು ಮೆಕ್ಕೆಜೋಳ ಮಾರಿ ಬಂದ ಹಣದಲ್ಲಿ ದಾವಣಗೆರೆಗೆ ಹೋಗಿ ಮಿಕ್ಸರೊಂದನ್ನು ಕೊಂಡರೆಂದು ಭಾವಿಸೋಣ. ಬೆಲೆ 4,500 ರೂಪಾಯಿ. ಮರಳಿ ಬರತಕ್ಕದ್ದು 500. ಅಂಗಡಿಯ ಮುಂದಿನ ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಇರುವುದು 4,000 ಮಾತ್ರ. ಊರಿಗೆ ಬಂದಮೇಲೆ ಪೆಟ್ಟಿಗೆಯು ಬಚ್ಚಲೊಲೆಗೆ ಸೇರುವುದು. ಅದರೊಡನೆ ಕಳುಹಿಸಬೇಕಾದ ಗುರುತಿನ ತುಂಡೂ ಸುಟ್ಟುಹೋಗುವುದು. ಬಿಲ್ಲು ಎಲ್ಲಿಯೋ ಪತ್ರಗಳ ನಡುವೆ ಅಡಗುವುದು. ಮೂವತ್ತು ದಿನಗಳ ಗಡುವು ಹಬ್ಬದ ಗಡಿಬಿಡಿಯಲ್ಲಿ ಕಳೆಯುವುದು. ಹೇಗೋ ಎಲ್ಲವನ್ನೂ ಕಳುಹಿಸಿದರೂ “ಪ್ರತಿಯು ಸ್ಪಷ್ಟವಾಗಿಲ್ಲ” ಎಂಬ ಉತ್ತರವು ಬರಬಹುದು. ಕಡೆಗೆ ಚೆಕ್ಕು ಬಂದಿತೆಂದೇ ಇಟ್ಟುಕೊಳ್ಳೋಣ. 2012ರ ಏಪ್ರಿಲ್ ತಿಂಗಳಿಂದ ಚೆಕ್ಕಿನ ಆಯುಸ್ಸು ಮೂರೇ ತಿಂಗಳು. ಪೆಟ್ಟಿಗೆಯೊಳಗಿಟ್ಟು ಮರೆತರೆ ಅದೂ ಬರಿಯ ಕಾಗದವೇ ಸರಿ.

ಈ ಮರೆವು ಕೊಂಡವನಿಗೆ ನಷ್ಟ. ಮಾರಿದವನಿಗೆ ಅದು ಮೊದಲೇ ಲೆಕ್ಕಕ್ಕೆ ಹಿಡಿದ ಲಾಭ. ಸಾವಿರ ಮಂದಿ ಕೊಂಡು ಅವರಲ್ಲಿ ನಾನೂರು ಮಂದಿ ಮರೆತರೆ, ತಲೆಗೆ ಐನೂರರಂತೆ ಎರಡು ಲಕ್ಷ ರೂಪಾಯಿ ಕಂಪನಿಯಲ್ಲಿಯೇ ಉಳಿಯುವುದು. ನಾಲ್ಕು ಸಾವಿರದ ಬೆಲೆಯನ್ನು ತೋರಿಸಿ ಗಿರಾಕಿಯನ್ನು ಕರೆದದ್ದಾಯಿತು, ನಾಲ್ಕೂವರೆ ಸಾವಿರವನ್ನು ಪಡೆದದ್ದೂ ಆಯಿತು. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ ಎಂಬ ಗಾದೆಯು ಇಂತಹ ವ್ಯವಹಾರಕ್ಕೆ ಚೆನ್ನಾಗಿ ಒಪ್ಪುವುದು.

ಈ ಪದ್ಧತಿಯು ಬಹುವಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಪದಾರ್ಥದ ಬೆಲೆಯನ್ನೆಲ್ಲ ಮರಳಿ ಕೊಡುವೆವೆಂದು ವ್ಯಾಪಾರ ನಡೆಸಿದ ಸೈಬರ್‌ರಿಬೇಟ್ ಎಂಬ ಕಂಪನಿಯು 2001ರಲ್ಲಿ ದಿವಾಳಿಯೆದ್ದಿತು. ನಂಬಿ ಹಣ ತೊಡಗಿಸಿದ್ದವರು ಸಾಲಗಾರರ ಸಾಲಿನಲ್ಲಿ ನಿಲ್ಲಬೇಕಾಯಿತು. 2005ರಲ್ಲಿ ಆ ದೇಶದ ವ್ಯಾಪಾರ ಆಯೋಗವು, ತಯಾರಕರು ಕೊಡಬೇಕಾದ ಹಣವನ್ನು ಸಕಾಲಕ್ಕೆ ಕೊಡುತ್ತಿಲ್ಲವೆಂದು ಬಲ್ಲ ಅಂಗಡಿಯು ಅದೇ ಯೋಜನೆಯನ್ನು ಸಾರುತ್ತ ಹೋಗಬಾರದೆಂದು ಕಂಪ್‌ಯುಎಸ್‌ಎ ಎಂಬ ದೊಡ್ಡ ಅಂಗಡಿಯ ಮೇಲೆ ಕ್ರಮ ಕೈಕೊಂಡಿತು. ಅಲ್ಲಿಯ ಕನೆಕ್ಟಿಕಟ್ ಸಂಸ್ಥಾನದಲ್ಲಿ, ಹಣ ಕಳೆದು ಉಳಿದ ಬೆಲೆಯನ್ನೇ ಬೆಲೆಯೆಂದು ಸಾರಬೇಕಾದರೆ ಆ ಹಣವನ್ನು ಕೊಳ್ಳುವಾಗಲೇ ಕಳೆಯತಕ್ಕದ್ದೆಂಬ ನಿಯಮವುಂಟು. ನಮ್ಮ ಸಂತೆಯ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ನಮ್ಮ ದೇಶದಲ್ಲಿ ಹಣ ಮರಳಿಸುವ ಯೋಜನೆಗಳಿಗೆಂದೇ ಪ್ರತ್ಯೇಕವಾದ ಕಾಯಿದೆಯಿಲ್ಲ. ಹಾಗೆಂದು ವರ್ತಕನು ಮನಬಂದಂತೆ ನಡೆಯಬಹುದೆಂದಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆಯು ಬಂದು, 2020ರ ಜುಲೈ ತಿಂಗಳಿಂದ ಜಾರಿಯಲ್ಲಿದೆ. ಅದರಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’ ಎಂಬುದರ ವಿವರಣೆ ದೀರ್ಘವಾಗಿದೆ. ಕೊಡುವ ಉದ್ದೇಶವಿಲ್ಲದೆ ಉಡುಗೊರೆ, ಬಹುಮಾನ ಅಥವಾ ಇತರ ವಸ್ತುವನ್ನು ಕೊಡುವೆವೆನ್ನುವುದು. ಬೆಲೆಯಲ್ಲಿಯೇ ಸೇರಿಸಿ ವಸೂಲು ಮಾಡಿದ್ದನ್ನು ಪುಕ್ಕಟೆಯೆಂದು ತೋರಿಸುವುದು. ಬಿಲ್ಲನ್ನಾಗಲಿ ರಶೀದಿಯನ್ನಾಗಲಿ ಕೊಡದಿರುವುದು. ಇವೆಲ್ಲ ಆ ವಿವರಣೆಯೊಳಗೆ ಬರುತ್ತವೆ. ಮುಖ್ಯವಾದ ಸಂಗತಿಯನ್ನು ಬೇಕೆಂದೇ ಮರೆಮಾಡಿದ ಜಾಹೀರಾತು ದಾರಿತಪ್ಪಿಸುವ ಜಾಹೀರಾತೆಂದೂ ಕಾಯಿದೆಯು ಹೇಳುತ್ತದೆ.

ಆದರೆ ಇಲ್ಲಿ ವಾಚಕರು ಒಂದು ಭೇದವನ್ನು ತಿಳಿಯಬೇಕು. ಆಸೆ ತೋರಿಸಿದ ಮಾತ್ರಕ್ಕೆ ವರ್ತಕನು ತಪ್ಪಿತಸ್ಥನಾಗನು. ಹಾರ್ಲಿಕ್ಸಿನ ಕೆಲವು ಸೀಸೆಗಳೊಳಗೆ ಬಹುಮಾನದ ಚೀಟಿಗಳನ್ನಿಟ್ಟು ಮಾರಿದ ಮೊಕದ್ದಮೆಯಲ್ಲಿ, ಅಷ್ಟರಿಂದಲೇ ಅದು ಅನುಚಿತ ವ್ಯಾಪಾರವಾಗುವುದಿಲ್ಲವೆಂದು 1998ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅದು ಆಗ ಜಾರಿಯಲ್ಲಿದ್ದ ಏಕಸ್ವಾಮ್ಯ ನಿಯಂತ್ರಣದ ಕಾಯಿದೆಯ ಮೇರೆಗೆ ಆದ ತೀರ್ಪು. ತತ್ತ್ವವು ಈಗಲೂ ನೆನಪಿಡತಕ್ಕದ್ದು. ಕೊಡುವೆನೆಂದದ್ದನ್ನು ಹೇಳಿದ ರೀತಿಯಲ್ಲಿ ಕೊಟ್ಟವನ ಮೇಲೆ ದೂರಿಲ್ಲ. ಕೊಡದೆ ಇದ್ದಾಗ, ಇಲ್ಲವೆ ಹೇಳಿದ್ದೊಂದು ಕೊಟ್ಟದ್ದೊಂದು ಆದಾಗ, ಕಾಯಿದೆಯು ಗಿರಾಕಿಯ ಪಕ್ಕಕ್ಕೆ ಬರುವುದು.

ಹೇಳಿದ್ದೊಂದು ಕೊಟ್ಟದ್ದೊಂದು ಎಂಬುದಕ್ಕೆ ನಮ್ಮ ಬೆಂಗಳೂರಿನಿಂದಲೇ ಎರಡು ನಿದರ್ಶನಗಳು ದೊರೆಯುತ್ತವೆ. ಅಲ್ಲಿ ನೆಲೆಸಿದ ರ್‍ಯಾಪಿಡೊ ಎಂಬ ಬಾಡಿಗೆ ವಾಹನದ ಕಂಪನಿಯು, ಐದು ನಿಮಿಷಗಳಲ್ಲಿ ಆಟೋ ದೊರೆಯದಿದ್ದರೆ 50 ರೂಪಾಯಿ ಕೊಡುವೆವೆಂದು ಸಾರಿತ್ತು. ದೊರೆತದ್ದಾದರೋ ರೂಪಾಯಿಯಲ್ಲ, ಕಂಪನಿಯ ‘ನಾಣ್ಯ’ಗಳು. ಅವು ಆ ಕಂಪನಿಯ ಬೈಕು ಸವಾರಿಗೆ ಮಾತ್ರ ಸಲ್ಲುವುವು. ಅದೂ ಏಳು ದಿನಗಳೊಳಗಾಗಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಆಗಸ್ಟಿನಲ್ಲಿ ಈ ಜಾಹೀರಾತು ದಾರಿತಪ್ಪಿಸುವಂತಹುದೆಂದು ನಿರ್ಣಯಿಸಿ, 10 ಲಕ್ಷ ರೂಪಾಯಿ ದಂಡವನ್ನು ವಿಧಿಸಿ, ಹಣ ಬರಬೇಕಾದವರಿಗೆ ಹಣವನ್ನೇ ಕೊಡಬೇಕೆಂದು ಆಜ್ಞಾಪಿಸಿತು. ಅದಕ್ಕೂ ಮೊದಲು, 2024ರ ಅಕ್ಟೋಬರಿನಲ್ಲಿ ಅದೇ ಪ್ರಾಧಿಕಾರವು ಓಲಾ ಕಂಪನಿಗೆ, ಮರಳಿಸುವ ಹಣವು ಬ್ಯಾಂಕಿಗೆ ಬರಬೇಕೋ ಕೂಪನ್ನಾಗಿ ಬರಬೇಕೋ ಎಂಬುದನ್ನು ಗಿರಾಕಿಯೇ ಆರಿಸಿಕೊಳ್ಳುವಂತೆ ಏರ್ಪಡಿಸಬೇಕೆಂದು ಹೇಳಿತು. ಐವತ್ತು ರೂಪಾಯಿಯು ಅಲ್ಪವೆಂದು ಯಾರಾದರೂ ಎನ್ನಬಹುದು. ಆದರೆ ರೂಪಾಯಿಯೆಂದು ಹೇಳಿದಮೇಲೆ ರೂಪಾಯಿಯನ್ನೇ ಕೊಡತಕ್ಕದ್ದೆಂಬ ಮಾತು ಅಲ್ಪವಲ್ಲ.

ಇನ್ನು ಷರತ್ತುಗಳ ಮಾತು. ಕನ್ನಡದಲ್ಲಿ ದೊಡ್ಡಕ್ಷರದಿಂದ ಆಸೆ ತೋರಿಸಿ, ಕೆಳಗೆ ಇರುವೆಯ ಸಾಲಿನಂತಹ ಇಂಗ್ಲಿಷ್ ಅಕ್ಷರಗಳಲ್ಲಿ ನಿರ್ಬಂಧಗಳನ್ನು ಬರೆಯುವುದು ಪೇಟೆಯಲ್ಲಿ ಕಾಣುವ ಸಂಗತಿ. 2022ರ ಜೂನ್ ತಿಂಗಳಲ್ಲಿ ಹೊರಟ ಜಾಹೀರಾತು ಮಾರ್ಗಸೂಚಿಗಳು ಇದನ್ನು ಒಪ್ಪುವುದಿಲ್ಲ. ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಸುಲಭವಾಗಿ ಕಾಣುವಂತೆ ಇರಬೇಕು. ಮೇಲೆ ಹೇಳಿದ ಸುಳ್ಳನ್ನು ಕೆಳಗಿನ ಷರತ್ತಿನಿಂದ ತಿದ್ದಿಕೊಳ್ಳುವಂತಿಲ್ಲ. ಆದುದರಿಂದ “ಕೆಳಗೆ ಬರೆದಿತ್ತಲ್ಲ, ನೀವು ಓದಬೇಕಾಗಿತ್ತು” ಎಂಬ ಉತ್ತರವು ಎಲ್ಲ ಕಾಲಕ್ಕೂ ಸಲ್ಲುವ ಉತ್ತರವಲ್ಲ.

ಕಾಯಿದೆಯ ಬಲವು ಕಾಗದವನ್ನು ಇಟ್ಟುಕೊಂಡವನಿಗೆ ದೊರೆಯುವಂತೆ ಬರಿಗೈಯವನಿಗೆ ದೊರೆಯದು. ಆದುದರಿಂದ ಈ ಕೆಲವು ಕ್ರಮಗಳನ್ನು ಮನೆಯಲ್ಲಿ ರೂಢಿಸಿಕೊಳ್ಳುವುದು ಹಿತವೆಂದು ನಮ್ಮ ಅಭಿಪ್ರಾಯ.

ಕೊಳ್ಳುವ ಮೊದಲು, ಮರಳಿ ಬರುವ ಹಣವು ಇಲ್ಲವೆಂದೇ ಭಾವಿಸಿ ಬೆಲೆಯನ್ನು ತೂಗಿ ನೋಡಿರಿ. ಪೆಟ್ಟಿಗೆಯ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚು ಕೇಳಕೂಡದೆಂಬುದು ನಿಯಮ. ಆ ಬೆಲೆಗೇ ಮಾರಬೇಕೆಂದೇನೂ ಇಲ್ಲ. ಆದುದರಿಂದ ಅದರೊಡನೆ ಹೋಲಿಸಿ ಹಿಗ್ಗಬೇಡಿರಿ. ಪಕ್ಕದ ಅಂಗಡಿಯಲ್ಲಿ ಅದೇ ವಸ್ತು ಎಷ್ಟಕ್ಕೆ ದೊರೆಯುವುದೆಂದು ಕೇಳಿರಿ. ಹಣ ಕೊಡತಕ್ಕವರು ಅಂಗಡಿಯವರೋ ತಯಾರಿಸಿದ ಕಂಪನಿಯೋ, ಎಷ್ಟು ದಿನಗಳಲ್ಲಿ, ನಗದಾಗಿಯೋ ಕೂಪನ್ನಾಗಿಯೋ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಯಿಸಿಕೊಳ್ಳಿರಿ. ಬರೆಯಲು ಒಪ್ಪದ ಅಂಗಡಿಯವನು ಕೊಡಲು ಒಪ್ಪುವನೆಂದು ನಂಬುವುದು ಕಷ್ಟ.

ಕೊಂಡಮೇಲೆ, ಜಾಹೀರಾತನ್ನೂ ಷರತ್ತಿನ ಚೀಟಿಯನ್ನೂ ಬಿಲ್ಲನ್ನೂ ಒಂದೇ ಲಕೋಟೆಯಲ್ಲಿಡಿರಿ. ದೂರವಾಣಿಯಲ್ಲಿ ಅವುಗಳ ಚಿತ್ರವನ್ನು ತೆಗೆದಿಡಿರಿ. ಹಣವು ಕೈಸೇರುವವರೆಗೆ ಪೆಟ್ಟಿಗೆಯನ್ನು ಒಲೆಗೆ ಹಾಕಬೇಡಿರಿ. ಮೂಲ ಬಿಲ್ಲನ್ನೇ ಕಳುಹಿಸಬೇಕೆಂದಿದ್ದರೆ ಪ್ರತಿಯನ್ನು ಮನೆಯಲ್ಲಿ ಉಳಿಸಿಕೊಳ್ಳಿರಿ. ಮುಂದೆ ವಸ್ತು ಕೆಟ್ಟರೆ ದುರಸ್ತಿಯ ಹಕ್ಕಿಗೂ ಅದು ಬೇಕಾಗುವುದು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ. ಆ ಮೂಲಕವೇ ಕಳುಹಿಸಿ ಅಂಚೆಯ ರಶೀದಿಯನ್ನು ಜೋಪಾನವಾಗಿಡಿರಿ.

ವಿಳಾಸದ ವಿಷಯದಲ್ಲಿ ಅರಸೀಕೆರೆಯವರಿಗೆ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಹಾಸನ ಜಿಲ್ಲೆಯಲ್ಲಿ ರೈಲು ಕೂಡುವ ಅರಸೀಕೆರೆಯನ್ನು ದೂರದವರೆಲ್ಲರೂ ಬಲ್ಲರು; ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯನ್ನು ಬಲ್ಲವರು ಕಡಿಮೆ. ಅದರ ಮೇಲೆ ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, 2021ರಲ್ಲಿ ಹೊಸದಾದ ವಿಜಯನಗರ ಜಿಲ್ಲೆಗೆ ಬಂದಿದೆ. ಕಂಪನಿಯ ಅರ್ಜಿಯಲ್ಲಿ ಹಳೆಯ ಜಿಲ್ಲೆಯ ಹೆಸರೇ ಉಳಿದಿರಬಹುದು. ಆದುದರಿಂದ ಊರಿನ ಹೆಸರೊಂದನ್ನೇ ಬರೆದು ಬಿಡದೆ, ತಾಲ್ಲೂಕು, ಜಿಲ್ಲೆ, ಪಿನ್ ಸಂಖ್ಯೆಗಳನ್ನು ತಪ್ಪದೆ ಬರೆಯಿರಿ. ಬಂದ ಚೆಕ್ಕು ಇನ್ನೊಂದು ಅರಸೀಕೆರೆಗೆ ಹೋಗಿ ಹಿಂದಿರುಗಿದರೆ “ನಾವು ಕಳುಹಿಸಿದೆವು” ಎನ್ನಲು ಕಂಪನಿಗೆ ನೆವ ಸಿಕ್ಕಿತು.

ಹೇಳಿದ ದಿನಗಳು ಕಳೆದರೂ ಹಣ ಬಾರದಿದ್ದರೆ ಮೊದಲು ಅಂಗಡಿಗೂ ಕಂಪನಿಗೂ ಪತ್ರ ಬರೆದು, ಉತ್ತರಕ್ಕೆ ಒಂದು ದಿನವನ್ನು ಗೊತ್ತುಮಾಡಿರಿ. ಫಲವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಗೆ ತಿಳಿಸಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಅನೇಕ ತಗಾದೆಗಳು ಈ ಹಂತದಲ್ಲಿಯೇ ತೀರುವುದುಂಟು.

ಅಲ್ಲಿಯೂ ತೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಹಳೆಯ ಕಾಯಿದೆಯಲ್ಲಿ ಸಾಧಾರಣವಾಗಿ ಎದುರುಪಕ್ಷದವರು ಇರುವ ಕಡೆಗೋ ವ್ಯವಹಾರ ನಡೆದ ಕಡೆಗೋ ಹೋಗಬೇಕಾಗಿತ್ತು. 2019ರ ಕಾಯಿದೆಯು, ಕೊಂಡವನು ವಾಸವಾಗಿರುವ ಸ್ಥಳದ ಆಯೋಗದಲ್ಲಿಯೇ ದೂರು ಕೊಡಲು ಅವಕಾಶ ಮಾಡಿದೆ. ಕಂಪನಿಯು ಮುಂಬಯಿಯಲ್ಲಿದ್ದರೂ ಕೊಟ್ಟೂರಿನವರಾಗಲಿ ಹಡಗಲಿಯವರಾಗಲಿ ಮುಂಬಯಿಗೆ ಹೋಗಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂಬ ನಿಯಮವಿಲ್ಲ. ಇ-ಜಾಗೃತಿ ಎಂಬ ಸರಕಾರದ ಜಾಲತಾಣದ ಮೂಲಕ ಮನೆಯಿಂದಲೇ ದೂರನ್ನು ಸಲ್ಲಿಸಬಹುದು. ಅಪೇಕ್ಷಿಸಿದರೆ ದೃಶ್ಯವಾಣಿಯಲ್ಲಿ ವಿಚಾರಣೆಯನ್ನು ನಡೆಸಲು ಕಾಯಿದೆಯು ಅವಕಾಶವಿತ್ತಿದೆ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡತಕ್ಕದ್ದು. ಬರತಕ್ಕ ಹಣದೊಡನೆ ಪರಿಹಾರವನ್ನೂ ಖರ್ಚನ್ನೂ ಕೊಡಿಸಲು, ಅನುಚಿತ ಪದ್ಧತಿಯನ್ನು ನಿಲ್ಲಿಸಲು ಆಯೋಗಕ್ಕೆ ಅಧಿಕಾರವುಂಟು. ಒಂದೇ ಕಂಪನಿಯಿಂದ ಒಂದೇ ರೀತಿಯಾಗಿ ಹಲವರು ಮೋಸಹೋಗಿದ್ದರೆ, ಆಯೋಗದ ಅಪ್ಪಣೆ ಪಡೆದು ಎಲ್ಲರ ಪರವಾಗಿ ಒಬ್ಬರು ದೂರು ಕೊಡಬಹುದು. ಐನೂರು ರೂಪಾಯಿಗಾಗಿ ಒಬ್ಬನೇ ಓಡಾಡಲು ಅಂಜುವವರಿಗೆ ಇದು ಒಳ್ಳೆಯ ದಾರಿ.

ಮರುಮಾರಾಟಕ್ಕಾಗಿ ಕೊಂಡವರಿಗೆ ಈ ಕಾಯಿದೆಯ ಆಸರೆಯಿಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕಾಗಿಯೇ ಕೊಂಡ ಹೊಲಿಗೆಯ ಯಂತ್ರದಂತಹ ವಸ್ತುವಿಗೆ ಆಸರೆಯುಂಟು.

ನಿಜವಾದ ಯೋಜನೆಯ ವೇಷದಲ್ಲಿ ಬರುವ ವಂಚನೆಯನ್ನೂ ಇಲ್ಲಿಯೇ ಸೂಚಿಸುವುದು ಯುಕ್ತ. ಕೇಳದೆ ಬಂದ ಲಕೋಟೆಯಲ್ಲಿ ಗೀಚುವ ಚೀಟಿಯಿರುವುದು. ಗೀಚಿದರೆ ಕಾರು ಬಂದಿದೆಯೆಂದಿರುವುದು. ಆಮೇಲೆ ತೆರಿಗೆಯ ಬಾಬ್ತು ಮುಂಗಡ ಹಣವನ್ನು ಕೇಳುವರು. ಕೊಡುವವನು ನಮ್ಮಿಂದಲೇ ಕೇಳುತ್ತಾನೆಂದರೆ ಅಲ್ಲಿಗೆ ನಿಲ್ಲಿಸಿರಿ. ದೂರವಾಣಿಯ ಮೂಲಕ ಹಣವನ್ನು ಪಡೆಯುವುದಕ್ಕೆ ಗುಪ್ತ ಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಕೊಡುವುದಕ್ಕೆ ಮಾತ್ರ ಒತ್ತಬೇಕು. ಮೋಸಹೋದವರು ತಡಮಾಡದೆ 1930 ಎಂಬ ಸಂಖ್ಯೆಗೆ ತಿಳಿಸತಕ್ಕದ್ದು.

ಅಲ್ಪ ಹಣಕ್ಕಾಗಿ ಹಟ ಹಿಡಿಯುವುದು ದೊಡ್ಡವರ ಲಕ್ಷಣವಲ್ಲವೆಂಬ ಸಂಕೋಚವು ನಮ್ಮ ಮನೆಗಳಲ್ಲಿ ಬಲವಾಗಿದೆ. ಈ ಸಂಕೋಚವನ್ನೂ ನಮ್ಮ ಮರೆವನ್ನೂ ಕೂಡಿಸಿಯೇ ಅವರು ಲೆಕ್ಕ ಕಟ್ಟಿರುವರೆಂಬುದನ್ನು ನೆನೆದರೆ, ಕೇಳುವುದು ಜಿಪುಣತನವಾಗದು. ಮರಳಿ ಕೊಡುವೆವೆಂದ ಹಣವು ಅವರ ದಾನವಲ್ಲ. ಬೆಲೆಯೊಡನೆ ನಾವು ಮುಂಗಡವಾಗಿ ಕೊಟ್ಟ ನಮ್ಮದೇ ಹಣ. ಸಾಲ ಕೊಟ್ಟವನು ಚೀಟಿಯನ್ನು ಕಾಪಾಡುವಂತೆ ಬಿಲ್ಲನ್ನು ಕಾಪಾಡಿರಿ. ಗಡುವಿನ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿರಿ. ಕೊಂಡವರು ಎಚ್ಚರವಾಗಿದ್ದರೆ ಮರೆವಿನ ಮೇಲೆ ಕಟ್ಟಿದ ಲೆಕ್ಕವು ತಾನೇ ತಪ್ಪುವುದು. ಆಗ ಸೋಡಿಯನ್ನು ಕೊಳ್ಳುವ ಕ್ಷಣದಲ್ಲಿಯೇ ಬಿಡುವುದು ಲೇಸೆಂದು ವರ್ತಕನಿಗೂ ತೋರುವುದು.