ಅ ಆ ಇ ಈ ಕಲಿಸಿದ ಮಾಸ್ತರರಿಗೆ ಓಟಿಲ್ಲ ಯಾಕೆ?

ಶಿಕ್ಷಕರ ಕ್ಷೇತ್ರದ ಚುನಾವಣೆ ಬಂತೆಂದರೆ ಹೈಸ್ಕೂಲು, ಕಾಲೇಜುಗಳ ಸ್ಟಾಫ್ ರೂಮಿಗೆ ಅಭ್ಯರ್ಥಿಗಳು ಕೈಮುಗಿದುಕೊಂಡು ಬರುತ್ತಾರೆ. ಅದೇ ಊರಿನ ಪ್ರಾಥಮಿಕ ಶಾಲೆಯ ಕಡೆ ಅವರ ಕಾರು ತಿರುಗುವುದಿಲ್ಲ. ಅಲ್ಲೂ ಶಿಕ್ಷಕರಿದ್ದಾರೆ, ಆದರೆ ಅವರಿಗೆ ಓಟಿಲ್ಲ.

ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನಮಗೂ ಪತ್ರಿಕೋದ್ಯಮ ಓದುವಾಗಲೇ ಗೊತ್ತಾದದ್ದು. ಅದಕ್ಕೇ ಬರೆಯುತ್ತಿದ್ದೇವೆ.

ಬಸವರಾಜ ಹೊರಟ್ಟಿಯವರ ಹೆಸರು ನೀವು ಕೇಳಿದ್ದೀರಿ. ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕರಾಗಿದ್ದವರು. 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಆಯ್ಕೆಯಾದರು. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳ ಕ್ಷೇತ್ರ ಅದು. ಆಮೇಲೆ ಸೋಲೇ ಇಲ್ಲ. 2022ರಲ್ಲಿ ಜೆಡಿಎಸ್ ಬಿಟ್ಟು ಬಿಜೆಪಿಯಿಂದ ನಿಂತಾಗಲೂ ಗೆದ್ದರು. ಅದು ಸತತ ಎಂಟನೇ ಗೆಲುವು. ಶಿಕ್ಷಣ ಸಚಿವರಾದರು, ಪರಿಷತ್ತಿನ ಸಭಾಪತಿಯಾದರು. ಮೈದಾನದಲ್ಲಿ ಸೀಟಿ ಊದುತ್ತಿದ್ದ ಮಾಸ್ತರರೊಬ್ಬರು ಸದನದ ಅತಿ ಎತ್ತರದ ಕುರ್ಚಿಯಲ್ಲಿ ಕುಳಿತದ್ದು ಹೆಮ್ಮೆಯ ವಿಷಯವೇ. ಅದರಲ್ಲಿ ನಮಗೆ ಎರಡು ಮಾತಿಲ್ಲ.

ನಮ್ಮ ತಕರಾರು ಹೊರಟ್ಟಿಯವರ ಮೇಲಲ್ಲ. ಅವರನ್ನು ಎಂಟು ಸಲ ಆರಿಸಿದ ಪಟ್ಟಿಯ ಮೇಲೆ.

ಸಂವಿಧಾನದ 171ನೇ ವಿಧಿ ವಿಧಾನ ಪರಿಷತ್ತು ಹೇಗಿರಬೇಕೆಂದು ಹೇಳುತ್ತದೆ. ಹನ್ನೆರಡರಲ್ಲಿ ಒಂದು ಪಾಲು ಸದಸ್ಯರನ್ನು ಶಿಕ್ಷಕರು ಆರಿಸಬೇಕು. ಆದರೆ ಎಲ್ಲ ಶಿಕ್ಷಕರೂ ಅಲ್ಲ. ಪ್ರೌಢಶಾಲೆಗಿಂತ ಕೆಳಗಿನ ಶಾಲೆಯಲ್ಲಿ ಪಾಠ ಮಾಡುವವರು ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಪರಿಷತ್ತಿನಲ್ಲಿ 75 ಸದಸ್ಯರು, ಅದರಲ್ಲಿ ಶಿಕ್ಷಕರ ಕ್ಷೇತ್ರಗಳು 7. ಈ ಏಳರಲ್ಲಿ ಒಂದಕ್ಕೂ ಒಂದನೇ ಇಯತ್ತೆಯ ಅಕ್ಕೋರು ಮತ ಹಾಕುವಂತಿಲ್ಲ.

ಇದರಿಂದ ಏನು ಕಳೆದುಕೊಂಡಂಗಾಯ್ತು ಎಂದು ಕೇಳುತ್ತೀರಾ? ಹೊರಟ್ಟಿಯವರು ಸಚಿವರಾಗಿದ್ದ ಕಾಲವನ್ನೇ ನೋಡಿ. 2006ರಲ್ಲಿ, ಕನ್ನಡ ಮಾಧ್ಯಮವೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಶಾಲೆಗಳ ಮಾನ್ಯತೆ ರದ್ದು ಮಾಡಲು ಸರ್ಕಾರ ಹೊರಟಿತು. ಧೈರ್ಯದ ಕೆಲಸ ಅದು. ಕೊನೆಗೆ ವಿಷಯ ಕೋರ್ಟಿಗೆ ಹೋಗಿ, 2014ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಅದೇ ಸರ್ಕಾರದ ಕಾಲದಲ್ಲಿ, 2007-08ರಿಂದ ಸರ್ಕಾರಿ ಶಾಲೆಗಳ ಒಂದನೇ ತರಗತಿಗೆ ಇಂಗ್ಲಿಷ್ ಒಂದು ವಿಷಯವಾಗಿ ಬಂತು.

ಎರಡೂ ತೀರ್ಮಾನಗಳು ಮುಟ್ಟಿದ್ದು ಪ್ರಾಥಮಿಕ ಶಾಲೆಯನ್ನು. ಒಂದನೇ ತರಗತಿಯ ಮಕ್ಕಳ ಮುಂದೆ ಇಂಗ್ಲಿಷ್ ಪುಸ್ತಕ ಹಿಡಿದು ನಿಂತವರು ನಮ್ಮೂರ ಮಾಸ್ತರರು, ಅಕ್ಕೋರು. ಸಚಿವರನ್ನು ಸದನಕ್ಕೆ ಕಳಿಸಿದವರು ಬೇರೆ, ಅವರ ಆದೇಶ ಹೊತ್ತವರು ಬೇರೆ. ಓಟು ಇದ್ದಿದ್ದರೆ ಅವರಿಗೆ ಒಂದು ಪ್ರಶ್ನೆ ಕೇಳುವ ಹಕ್ಕಾದರೂ ಇರುತ್ತಿತ್ತು.

ಜನಪ್ರತಿನಿಧಿ ಯಾರ ಓಟಿನಿಂದ ಗೆಲ್ಲುತ್ತಾನೋ ಅವರ ಕಷ್ಟವೇ ಅವನಿಗೆ ಮೊದಲು ಕಾಣುತ್ತದೆ. ಇದು ಮನುಷ್ಯ ಸ್ವಭಾವ. ಅನುದಾನಿತ ಹೈಸ್ಕೂಲಿನ ವೇತನ, ಪಿಂಚಣಿ, ಕಾಲೇಜು ಉಪನ್ಯಾಸಕರ ಬಡ್ತಿ ಇವೆಲ್ಲ ನ್ಯಾಯವಾದ ಬೇಡಿಕೆಗಳೇ. ಆದರೆ ಒಬ್ಬರೇ ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಶಾಲೆಯ ಬೇಡಿಕೆ ಯಾರ ಬಾಯಲ್ಲಿ ಬರಬೇಕು? ಪಾಠ ಬಿಟ್ಟು ಗಣತಿಗೆ, ಮತದಾರರ ಪಟ್ಟಿಗೆ ಮನೆಮನೆ ತಿರುಗುವ ಶಿಕ್ಷಕರ ಮಾತು ಯಾರು ಆಡಬೇಕು?

ಇನ್ನೊಂದು ವಿಚಿತ್ರ ಕೇಳಿ. ಶಿಕ್ಷಕರ ಕ್ಷೇತ್ರಕ್ಕೆ ನಿಲ್ಲುವವರು ಶಿಕ್ಷಕರೇ ಆಗಿರಬೇಕೆಂದಿಲ್ಲ. ಪದವೀಧರರ ಕ್ಷೇತ್ರಕ್ಕೆ ನಿಲ್ಲಲು ಪದವಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 1972ರಲ್ಲೇ ತಮಿಳುನಾಡಿನ ಪ್ರಕರಣವೊಂದರಲ್ಲಿ ಹೇಳಿದೆ. ಶಿಕ್ಷಕರ ಕ್ಷೇತ್ರಕ್ಕೂ ಅದೇ ನ್ಯಾಯ. ಅಂದರೆ ಜೀವನದಲ್ಲಿ ಒಂದು ದಿನವೂ ಸೀಮೆಸುಣ್ಣ ಹಿಡಿಯದವರು ಶಿಕ್ಷಕರ ಪ್ರತಿನಿಧಿಯಾಗಬಹುದು, ಮೂವತ್ತು ವರ್ಷ ಸೀಮೆಸುಣ್ಣದ ಪುಡಿ ಕುಡಿದವರು ಓಟೂ ಹಾಕುವಂತಿಲ್ಲ!

ಕೆಲವರು ಹೇಳುತ್ತಾರೆ: ಡಿಗ್ರಿ ಆದ ಪ್ರಾಥಮಿಕ ಶಿಕ್ಷಕರು ಪದವೀಧರರ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದಲ್ಲ? ಸೇರಿಸಬಹುದು, ಸೇರಿಸಲಿ. ಆದರೆ ಅಲ್ಲಿ ಅವರು ಪದವೀಧರರು, ಶಿಕ್ಷಕರಲ್ಲ. ಪಿಯುಸಿ ಮೇಲೆ ಟಿಸಿಎಚ್ ಮಾಡಿ ನೌಕರಿಗೆ ಸೇರಿದ ಹಿರಿಯರಿಗೆ ಆ ಬಾಗಿಲೂ ಇಲ್ಲ.

ಸಂವಿಧಾನ ಬಂದ 1950ರಲ್ಲಿ ಹಳ್ಳಿಗಳಲ್ಲಿ ಓದಿದವರೇ ಕಡಿಮೆ. ಆಗ ಈ ಗೆರೆ ಎಳೆದದ್ದಕ್ಕೆ ಏನೋ ಕಾರಣವಿದ್ದೀತು. ಈಗ? 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕು, ಅದರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಹಕ್ಕನ್ನು ದಿನಾ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಬಾರಿಸಿ ಜಾರಿಗೆ ತರುವವರೇ ಶಿಕ್ಷಕರ ಪಟ್ಟಿಯಿಂದ ಹೊರಗಿದ್ದಾರೆ.

ಇದನ್ನು ಸರಿ ಮಾಡಲು ಸಂವಿಧಾನ ತಿದ್ದಬೇಕಾಗುತ್ತದೆ, ಅದು ಆಗದ ಮಾತು ಎನ್ನುವವರಿದ್ದಾರೆ. ಅವರು 171ನೇ ವಿಧಿಯ ಎರಡನೇ ಉಪವಿಧಿ ಓದಲಿ. ಸಂಸತ್ತು ಕಾನೂನಿನ ಮೂಲಕ ಬೇರೆ ವ್ಯವಸ್ಥೆ ಮಾಡುವವರೆಗೆ ಮಾತ್ರ ಈಗಿನ ಲೆಕ್ಕ ಎಂದು ಅಲ್ಲೇ ಬರೆದಿದೆ. ಒಂದು ಸಾಮಾನ್ಯ ಕಾನೂನು ಸಾಕು. ನಮ್ಮ ಎರಡೂ ಸದನಗಳು ನಿರ್ಣಯ ಮಾಡಿ ದಿಲ್ಲಿಗೆ ಒತ್ತಾಯಿಸಬಹುದು. ಆ ಮಾತನ್ನು ಎತ್ತಬೇಕಾದವರು ಮೊದಲು ಆ ಏಳು ಕ್ಷೇತ್ರದವರೇ.

ಈಗ ನಿಮಗೊಂದು ಮಾತು. ಪರಿಷತ್ತಿನ 25 ಸದಸ್ಯರನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ನಿಮ್ಮ ಓಣಿಯ ಗ್ರಾಮ ಪಂಚಾಯಿತಿ ಮೆಂಬರಿಗೂ ಆ ಓಟಿದೆ. ಅಭ್ಯರ್ಥಿ ಓಟು ಕೇಳಲು ಬಂದಾಗ, ಊರ ಶಾಲೆಯ ಮಾಸ್ತರರ ಓಟಿನ ಬಗ್ಗೆ ಒಂದು ಪ್ರಶ್ನೆ ಕೇಳಲು ನಿಮ್ಮ ಮೆಂಬರಿಗೆ ಹೇಳಿ. ಎಸ್‌ಡಿಎಂಸಿ ಸಭೆಯಲ್ಲೂ ಈ ಮಾತು ತೆಗೆಯಿರಿ.

ಈ ಬರಹವನ್ನು ನೀವು ಓದುತ್ತಿದ್ದೀರಿ. ಓದಲು ಕಲಿಸಿದ್ದು ಯಾರು ಎಂದು ಒಮ್ಮೆ ನೆನಪಿಸಿಕೊಳ್ಳಿ. ಅವರಿಗೆ ಓಟಿಲ್ಲ.