ವರ್ಗದಲ್ಲಿ ಎಲ್ಲರಿಗೂ ಸ್ಥಳವಿರಲಿ

ವಿದ್ಯೆಯು ಸರ್ವರ ಸೊತ್ತೆಂದು ನಾವು ಭಾಷಣ ಸ್ಪರ್ಧೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾರದ ತರುಣ ತರುಣಿಯರು ಈ ‘ಸರ್ವ’ರಲ್ಲಿ ಸೇರಿರುವರೇ ಎಂದು ಯಾರಾದರೂ ಕೇಳಿದರೆ ಮಾತ್ರ ನಮ್ಮ ಉತ್ತರ ತಡವರಿಸುತ್ತದೆ. “ಅವರಿಗೆಂದೇ ಬೇರೆ ಶಾಲೆಗಳಿವೆಯಲ್ಲ!” ಎಂದು ಹಲವರು ಅನ್ನುವುದನ್ನು ಕೇಳಿದ್ದೇನೆ. ಈ ಮಾತು ದಯೆಯಿಂದಲೇ ಬಂದಿರಬಹುದು. ಆದರೂ ಅದು ನ್ಯಾಯದ ಮಾತಲ್ಲವೆಂದು ನನ್ನ ಅಭಿಪ್ರಾಯ.

ಹೀಗೆನ್ನುವವರು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಉದಾಹರಿಸುವುದುಂಟು. ಆ ಆಶ್ರಮಕ್ಕೆ ತಲೆಬಾಗದ ಕನ್ನಡಿಗನಾರು? ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಯಾರೂ ಕೈಹಿಡಿಯದ ಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳು 2010ರಲ್ಲಿ ತಮ್ಮ ಕೊನೆಯುಸಿರಿನವರೆಗೂ ಅದನ್ನು ಕೆಳಗಿಳಿಸಲಿಲ್ಲ. ಆದರೆ ನಾವು ಮರೆಯುವ ಸಂಗತಿಯೊಂದಿದೆ. ಪಂಚಾಕ್ಷರಿ ಗವಾಯಿಗಳ ಶಿಷ್ಯರಲ್ಲಿ ಅಂಧರಾದ ಪುಟ್ಟರಾಜರೂ ಇದ್ದರು, ಕಣ್ಣುಳ್ಳ ಬಸವರಾಜ ರಾಜಗುರುಗಳೂ ಇದ್ದರು. ಗುರು ಒಬ್ಬರೇ, ವಿದ್ಯೆಯೂ ಒಂದೇ. ಹಾಗಿರುವಾಗ ಗದುಗಿನ ಉದಾಹರಣೆಯು ಕೂಡಿ ಕಲಿಯುವುದರ ಪರವಾಗಿಯೇ ಸಾಕ್ಷಿ ನುಡಿಯುತ್ತದೆಯಲ್ಲವೆ?

ಇನ್ನು ನಮ್ಮ ಅರಭಾವಿಯ ಕಡೆಗೆ ನೋಡೋಣ. ಸುತ್ತಲಿನ ಹಳ್ಳಿಗಳ ಒಕ್ಕಲುತನದ ಮನೆಯವರು ಕಣ್ಣಿಲ್ಲದ ಮಗುವನ್ನು ದೂರದ ಪಟ್ಟಣದ ವಸತಿಶಾಲೆಗೆ ಕಳಿಸಲು ಹಿಂಜರಿಯುತ್ತಾರೆ. ಹೆಣ್ಣುಮಗುವಾದರಂತೂ ಕೇಳುವುದೇ ಬೇಡ. ಹೀಗಾಗಿ “ಬೇರೆ ಶಾಲೆ” ಎಂದರೆ ಎಷ್ಟೋ ಮಕ್ಕಳ ಪಾಲಿಗೆ ಶಾಲೆಯೇ ಇಲ್ಲವೆಂದು ಅರ್ಥ. ಊರಿನ ಶಾಲೆಯ ಬಾಗಿಲು ತೆರೆಯದಿದ್ದರೆ ಆ ಮಗುವಿಗೆ ಮನೆಯ ಮೂಲೆಯೇ ಗತಿ.

ಕಾಯ್ದೆಯಂತೂ ಸಂದೇಹಕ್ಕೆ ಎಡೆಯಿಟ್ಟಿಲ್ಲ. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಹೆಸರಿಸಿತ್ತು. 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಸರಕಾರಿ ಕಾಲೇಜುಗಳಲ್ಲಿ ನೂರಕ್ಕೆ 5 ಸ್ಥಾನಗಳಿಗೆ ಕಡಿಮೆಯಿಲ್ಲದಂತೆ ಇವರಿಗಾಗಿ ಕಾದಿರಿಸಬೇಕೆಂದೂ ಅದು ವಿಧಿಸಿದೆ. ಆದರೆ ಸ್ಥಾನವಿದ್ದು ಮೆಟ್ಟಿಲು ಹತ್ತಲಾಗದಿದ್ದರೆ ಆ ಸ್ಥಾನದಿಂದ ಬಂದ ಫಲವೇನು?

ಮಾಡಬೇಕಾದ ಕೆಲಸಗಳಲ್ಲಿ ಹೆಚ್ಚಿನವು ಸಣ್ಣವು. ಗಾಲಿಕುರ್ಚಿಯ ವಿದ್ಯಾರ್ಥಿಯಿದ್ದರೆ ಆ ವರ್ಗವನ್ನು ಕೆಳಗಿನ ಕೋಣೆಯಲ್ಲಿ ನಡೆಸಬಹುದು. ಬಾಗಿಲಿಗೊಂದು ಇಳಿಜಾರು, ಒಳಗೆ ಹೋಗಲು ಬರುವಂಥ ಶೌಚಾಲಯ ಬೇಕು. ಕರಿಹಲಗೆಯ ಮೇಲೆ ಬರೆದುದನ್ನು ಗುರುಗಳು ಬಾಯಿಬಿಟ್ಟು ಓದಿದರೆ ಅಂಧನಿಗೂ ಪಾಠ ತಲುಪುತ್ತದೆ. ವರ್ಗಕ್ಕೆ ಮುಖಮಾಡಿ ನುಡಿದರೆ ತುಟಿ ನೋಡಿ ತಿಳಿಯುವವನಿಗೂ ತಲುಪುತ್ತದೆ. ಬರೆಯಲಾರದವರಿಗೆ ಪರೀಕ್ಷೆಯಲ್ಲಿ ಲಿಪಿಕಾರರನ್ನು ಪಡೆಯುವ ಅವಕಾಶವಿದೆ. ಗಂಟೆಗೆ 20 ನಿಮಿಷಗಳಂತೆ ಹೆಚ್ಚಿನ ವೇಳೆಯೂ ಉಂಟು. ಆ ಲಿಪಿಕಾರರು ಆಕಾಶದಿಂದ ಇಳಿದು ಬರುವವರಲ್ಲ. ಕೆಳಗಿನ ವರ್ಗದ ವಿದ್ಯಾರ್ಥಿಗಳೇ ಮುಂದೆ ಬರಬೇಕು.

ವರ್ಗದಲ್ಲಿ ಈಗಾಗಲೇ ಸಂಖ್ಯೆ ಹೆಚ್ಚು, ಪಠ್ಯಕ್ರಮ ಮುಗಿಸುವುದೇ ಕಷ್ಟ, ಇವರಿಂದ ಪಾಠ ನಿಧಾನವಾಗುವುದೆಂಬ ಆಕ್ಷೇಪಣೆಯಿದೆ. ಇದರಲ್ಲಿ ಸತ್ಯಾಂಶವಿಲ್ಲವೆನ್ನಲಾರೆ. ಬ್ರೈಲ್ ಪುಸ್ತಕಗಳು, ಸಂಜ್ಞಾಭಾಷೆ ಬಲ್ಲ ಶಿಕ್ಷಕರು ಬರಿಯ ಸದ್ಭಾವನೆಯಿಂದ ದೊರೆಯುವುದಿಲ್ಲ. ಅವುಗಳನ್ನು ಸರಕಾರ ಒದಗಿಸಬೇಕು. ಸಂಜ್ಞಾಭಾಷೆಯಲ್ಲಿಯೇ ಕಲಿಯಬಯಸುವ ಕಿವುಡ ಮಕ್ಕಳಿಗೆ ಅವರ ಶಾಲೆಗಳೂ ಉಳಿಯಲಿ. ಆದರೆ ಎಲ್ಲಿ ಕಲಿಯಬೇಕೆಂಬ ಆಯ್ಕೆ ಅವರದಾಗಿರಲಿ. ನಮ್ಮ ಅನುಕೂಲ ನೋಡಿ ನಾವು ಅದನ್ನು ನಿರ್ಧರಿಸುವುದು ಬೇಡ. ಬರೆದುದನ್ನು ಓದಿ ಹೇಳುವ ಗುರುಗಳ ಪಾಠ ಕೊನೆಯ ಬಾಕಿನಲ್ಲಿ ಕುಳಿತ ನಮಗೂ ಚೆನ್ನಾಗಿ ತಿಳಿಯುವುದೆಂಬುದು ಎಲ್ಲರ ಅನುಭವವಷ್ಟೆ!

ಕರುಣೆ ತೋರಿ ದೂರ ಇಡುವುದು ಸುಲಭ. ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಟಿಪ್ಪಣಿ ಹಂಚಿಕೊಂಡು, ಜಗಳವನ್ನೂ ಆಡುವುದು ಸಮಾನತೆ. ಸಹಪಾಠಿಗಳೇ, ಪೂಜ್ಯ ಗುರುಗಳೇ, ಮುಂದಿನ ಪ್ರವೇಶಗಳು ಆರಂಭವಾಗುವ ಮೊದಲು ನಮ್ಮ ಕೋಣೆಗಳನ್ನೂ ಮೆಟ್ಟಿಲುಗಳನ್ನೂ ಒಮ್ಮೆ ಈ ದೃಷ್ಟಿಯಿಂದ ನೋಡೋಣ. ಯಾರು ಒಳಗೆ ಬರಲಾರರೆಂಬುದು ಆಗ ತಾನಾಗಿ ತಿಳಿಯುವುದು.