ವಾರ್ಡ್ ಸಮಿತಿ ಕಾರ್ಪೊರೇಟರರ ಬಳಗವಾಗದಿರಲಿ



ಬೆಳಗಾವಿಯ ಹಳೆಯ ಗಲ್ಲಿಗಳಲ್ಲಿ ಒಂದು ಕಾಲಕ್ಕೆ ಪಂಚರ ಮಾತಿಗೆ ತೂಕವಿತ್ತು. ಗೋಡೆಯ ತಂಟೆ, ಬಾವಿಯ ಹೂಳು, ಗುಡಿಯ ಜಾತ್ರೆ ಎಲ್ಲವೂ ಅವರ ಮುಂದೆಯೇ ಇತ್ಯರ್ಥವಾಗುತ್ತಿದ್ದವು. ಆ ಪಂಚರಲ್ಲಿ ಹೆಣ್ಣುಮಕ್ಕಳಿರಲಿಲ್ಲ, ಬಾಡಿಗೆ ಮನೆಯವರ ಮಾತು ನಡೆಯುತ್ತಿರಲಿಲ್ಲ. ಹಾಗಾಗಿ ಅದೇ ಪದ್ಧತಿ ಮರಳಲಿ ಎಂದು ನಾನು ಕೇಳಲಾರೆ. ಆದರೆ ಆಗ ಗಟಾರ ಕಟ್ಟಿಕೊಂಡರೆ ಯಾರ ಬಾಗಿಲು ಬಡಿಯಬೇಕೆಂಬುದು ಜನರಿಗೆ ಗೊತ್ತಿತ್ತು. ಇಂದು ಹೆಚ್ಚಿನ ಪಂಚ ಕಮಿಟಿಗಳಿಗೆ ಉಳಿದಿರುವುದು ಗಣೇಶೋತ್ಸವದ ಪಟ್ಟಿ ಎತ್ತುವ ಕೆಲಸ.

ಆ ಜಾಗ ತುಂಬಬೇಕಾದದ್ದು ವಾರ್ಡ್ ಸಮಿತಿ. ಅದಕ್ಕೆ ದಾರಿ ಮಾಡಿಕೊಟ್ಟ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ರಾಜ್ಯದ ಕಾಯ್ದೆಯಂತೆ ಕಾರ್ಪೊರೇಟರರು ಅಧ್ಯಕ್ಷರು, ಜೊತೆಗೆ 10 ಸದಸ್ಯರು. ಅವರಲ್ಲಿ ಕನಿಷ್ಠ 3 ಮಹಿಳೆಯರು, ಪರಿಶಿಷ್ಟರು ಇಬ್ಬರು, ನಿವಾಸಿಗಳ ಸಂಘದವರು ಇಬ್ಬರು. ಇಷ್ಟು ಸ್ಪಷ್ಟವಾಗಿದ್ದರೂ ನಗರದ ದೊಡ್ಡ ತೀರ್ಮಾನಗಳು ಓಣಿಯ ಜನರಿಂದ ದೂರವೇ ಉಳಿದವು. 2016ರಲ್ಲಿ ಬೆಳಗಾವಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಗೆ ಸೇರಿದ ಮೇಲೆ ರಸ್ತೆ ಅಗೆಯುವ ನಿರ್ಧಾರ ಒಂದು ಕಂಪನಿಯ ಪಾಲಾಯಿತು. 2021ರ ಸೆಪ್ಟೆಂಬರಿನಲ್ಲಿ ಪಾಲಿಕೆಯ 58 ವಾರ್ಡುಗಳಿಗೆ ಚುನಾವಣೆ ನಡೆದರೂ ಮೇಯರ್ ಆಯ್ಕೆಯಾದದ್ದು 2023ರ ಫೆಬ್ರುವರಿಯಲ್ಲಿ. ಮತ ಹಾಕಿದ ಜನ ಅಷ್ಟು ದಿನ ಅಧಿಕಾರಿಗಳ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾಯಿತು.

ಬೆಳಗಾವಿಗೆ ಹತ್ತಿರದ ನಮ್ಮ ದೇಸೂರ ಪಂಚಾಯಿತಿಯ ಊರು; ಇಲ್ಲಿಯ ರೀತಿ ಬೇರೆ. ಹಳ್ಳಿಗಳಲ್ಲಿ ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ ಕರೆಯಲೇಬೇಕೆಂದು ಕಾನೂನಿದೆ. ಮನೆ ಮಂಜೂರಾತಿಯ ಫಲಾನುಭವಿಗಳ ಪಟ್ಟಿ ಓದುವಾಗ ಹಿಂದೆ ಕುಳಿತ ಅಜ್ಜಿಯೊಬ್ಬಳು ಎದ್ದು "ಅವರ ಮನಿ ಆಗಲೇ ಎರಡು ಅಂತಸ್ತ ಐತಲ್ರಿ" ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅದನ್ನು ಬರೆದುಕೊಳ್ಳಬೇಕಾಗುತ್ತದೆ. ಸಭೆಗಳು ಎಲ್ಲೆಡೆ ಸರಿಯಾಗಿ ನಡೆಯುತ್ತವೆ ಎನ್ನಲಾರೆ, ಆದರೆ ಕೇಳುವ ಹಕ್ಕಿದೆ. ಖಾನಾಪುರ ರಸ್ತೆಗುಂಟ ಲೇಔಟುಗಳು ನಮ್ಮತ್ತ ಬರುತ್ತಿವೆ. ನಾಳೆ ಊರು ಪಾಲಿಕೆಗೆ ಸೇರಿದರೆ ಆ ಅಜ್ಜಿ ಎಲ್ಲಿ ಎದ್ದು ನಿಲ್ಲಬೇಕು?

ಸಮಿತಿ ಸದಸ್ಯರ ಹೆಸರು ಕಾರ್ಪೊರೇಟರರ ಚೀಟಿಯಿಂದ ಬರಬಾರದು. ಸದಸ್ಯತ್ವಕ್ಕೆ ಬಂದ ಅರ್ಜಿಗಳನ್ನು ವಾರ್ಡಿನ ಜನರ ಮುಂದೆ ಓದಿ ಆರಿಸಬೇಕು; ಬಾಡಿಗೆದಾರರಿಗೂ ಸ್ಥಾನ ಕೊಡಬೇಕು. ಪ್ರತಿ ತಿಂಗಳು ಗೊತ್ತಾದ ದಿನ, ಸರ್ಕಾರಿ ಶಾಲೆಯಲ್ಲಿ, ಬಾಗಿಲು ತೆರೆದು ಸಭೆ ನಡೆಸಬೇಕು. ಗಟಾರ, ರಸ್ತೆ ಕಾಮಗಾರಿಯನ್ನು ಸಮಿತಿ ಕಣ್ಣಾರೆ ನೋಡುವವರೆಗೆ ಗುತ್ತಿಗೆದಾರರ ಬಿಲ್ಲು ಪಾಸಾಗಬಾರದು. ಪಾಲಿಕೆ ಮುಂದಿನ ಸಾಮಾನ್ಯ ಸಭೆಯಲ್ಲೇ ಈ ಬಗ್ಗೆ ಠರಾವು ಮಾಡಲಿ.

– ಓದುಗರೊಬ್ಬರು, ದೇಸೂರ